ಮೋಟಾರು ಕಾರ್ಖಾನೆಯ ಯಜಮಾನರು ಬಂದ ದಾರಿ

ಕೋಲಾರದಿಂದ ಚಿಕ್ಕಬಳ್ಳಾಪುರದ ಕಡೆಗೆ ಹೋಗುವ ರಸ್ತೆಯಲ್ಲಿ ವೇಮಗಲ್ ಎಂಬ ಊರು ಸಿಗುತ್ತದೆ. ಹಿಪ್ಪುನೇರಳೆ, ಟೊಮೇಟೊ, ಹಾಲು ಇವುಗಳಿಂದ ಬದುಕಿದ ಸೀಮೆ ಇದು. ಈಗ ಬೆಳಗಿನ ಹೊತ್ತು ಅಲ್ಲಿ ನಿಂತರೆ ಹಾಲಿನ ಕ್ಯಾನುಗಳ ಜೊತೆಗೆ ಇನ್ನೊಂದು ನೋಟವೂ ಕಾಣುತ್ತದೆ: ಒಂದೇ ಬಣ್ಣದ ಅಂಗಿ ತೊಟ್ಟು, ಕೊರಳಿಗೆ ಗುರುತಿನ ಚೀಟಿ ತೂಗುಹಾಕಿಕೊಂಡ ಹುಡುಗ ಹುಡುಗಿಯರು ಕಾರ್ಖಾನೆಯ ಬಸ್ಸಿಗಾಗಿ ಕಾಯುತ್ತಿರುತ್ತಾರೆ. ಪಕ್ಕದ ನರಸಾಪುರದಲ್ಲಿ 2013ರಿಂದ ಹೋಂಡಾ ಕಂಪೆನಿಯ ದ್ವಿಚಕ್ರ ವಾಹನಗಳು ತಯಾರಾಗುತ್ತಿವೆ. ವೇಮಗಲ್ಲಿನಲ್ಲಿಯೇ ಟಾಟಾ ಮತ್ತು ಏರ್‌ಬಸ್ ಕಂಪೆನಿಗಳು ಕೂಡಿ ಎಚ್-125 ಎಂಬ ಹೆಲಿಕಾಪ್ಟರನ್ನು ಜೋಡಿಸುವುದೆಂದು 2025ರಲ್ಲಿ ಗೊತ್ತಾಯಿತು.

ನಮ್ಮ ಹಳ್ಳಿಗಳಲ್ಲಿ ಹೊಸದಾಗಿ ಏನು ಬಂದರೂ ಹಿರಿಯರು ಮೊದಲು ಕೇಳುವ ಪ್ರಶ್ನೆ ಒಂದೇ: "ಇದರ ಯಜಮಾನ ಯಾರು? ಎಲ್ಲಿಯವನು?" ಅಕ್ಕಿ ಗಿರಣಿಯ ವಿಷಯದಲ್ಲಿ ಇದಕ್ಕೆ ಉತ್ತರ ಸುಲಭ. ಮೋಟಾರು ಕಾರ್ಖಾನೆಯ ವಿಷಯದಲ್ಲಿ ಅಷ್ಟು ಸುಲಭವಲ್ಲ. ಅಲ್ಲಿ ಹಣ ಹಾಕಿದವರು ಲಕ್ಷಾಂತರ ಮಂದಿ, ಆಳುವವನು ಒಬ್ಬ. ಆ ಒಬ್ಬನು ಯಾವ ಕಸುಬಿನಿಂದ, ಯಾವ ಮೆಟ್ಟಿಲು ಹತ್ತಿ ಅಲ್ಲಿಗೆ ಬಂದ ಎಂಬುದು ಕೇವಲ ಕುತೂಹಲದ ಪ್ರಶ್ನೆಯಲ್ಲ. ಅವನು ಬಂದ ದಾರಿಯೇ ಅವನ ಕಣ್ಣು. ಕಾರ್ಖಾನೆಯಲ್ಲಿ ಅವನಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದು ಬಹುಮಟ್ಟಿಗೆ ಅದರಿಂದಲೇ ತೀರ್ಮಾನವಾಗುತ್ತದೆ.

ನರಸಾಪುರದ ಕಾರ್ಖಾನೆಯ ಹೆಸರಿನ ಹಿಂದೆ ಇರುವ ಮನುಷ್ಯನಿಂದಲೇ ಮೊದಲು ಮಾಡೋಣ. ಸೋಇಚಿರೊ ಹೋಂಡಾ 1906ರಲ್ಲಿ ಜಪಾನಿನ ಹಮಮಾತ್ಸು ಸೀಮೆಯ ಹಳ್ಳಿಯೊಂದರಲ್ಲಿ ಕಮ್ಮಾರನ ಮಗನಾಗಿ ಹುಟ್ಟಿದರು. ಹದಿನೈದನೆಯ ವಯಸ್ಸಿನಲ್ಲಿ ಟೋಕಿಯೋದ ಒಂದು ಮೋಟಾರು ರಿಪೇರಿ ಅಂಗಡಿಗೆ ಕೆಲಸ ಕಲಿಯಲು ಸೇರಿದರು. ಮೊದಲ ಕೆಲವು ತಿಂಗಳು ಅವರಿಗೆ ಸಿಕ್ಕಿದ ಕೆಲಸ ಯಂತ್ರದ್ದಲ್ಲ. ಯಜಮಾನನ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಆಡಿಸುವುದು. ನಮ್ಮ ಊರಿನ ಸೈಕಲ್ ಷಾಪುಗಳಲ್ಲಿ, ಗ್ಯಾರೇಜುಗಳಲ್ಲಿ ಕೆಲಸಕ್ಕೆ ಸೇರಿದ ಹುಡುಗರ ಕಥೆಯೂ ಇದಕ್ಕಿಂತ ಬಹಳ ಬೇರೆಯಾಗಿಲ್ಲ. 1948ರಲ್ಲಿ ಹೋಂಡಾ ಸ್ವಂತ ಕಂಪೆನಿಯನ್ನು ಕಟ್ಟಿದರು. ಮರುವರ್ಷ ತಕೆಓ ಫುಜಿಸಾವ ಎಂಬವರು ಜೊತೆಗೂಡಿದರು. ಹಣ, ಮಾರಾಟ, ಬ್ಯಾಂಕು ಎಲ್ಲವೂ ಫುಜಿಸಾವರದು. ಯಂತ್ರ ಮಾತ್ರ ಹೋಂಡಾರದು. ಕಂಪೆನಿಯ ಮುದ್ರೆಯನ್ನೇ ಫುಜಿಸಾವರ ಕೈಗೆ ಕೊಟ್ಟು ಹೋಂಡಾ ಎಣ್ಣೆಯ ಮಸಿ ಮೆತ್ತಿದ ಕೈಗಳಿಂದ ಎಂಜಿನುಗಳ ನಡುವೆ ಕುಳಿತಿದ್ದರು ಎಂದು ಹೇಳುತ್ತಾರೆ. 1973ರಲ್ಲಿ ಇಬ್ಬರೂ ಒಂದೇ ಸಲಕ್ಕೆ ನಿವೃತ್ತರಾದರು. ಇಬ್ಬರೂ ಮಕ್ಕಳಿಗೆ ಪೀಠವನ್ನು ಬಿಟ್ಟುಕೊಡಲಿಲ್ಲ. ಅಲ್ಲಿಂದಾಚೆಗೆ ಆ ಕಂಪೆನಿಗೆ ಅಧ್ಯಕ್ಷರಾದ ಕವಾಶಿಮ, ಕುಮೆ, ಕವಾಮೊತೊ, ಯೊಶಿನೊ, ಫುಕುಯಿ, ಇತೊ, ಹಚಿಗೊ, ಮಿಬೆ ಇವರೆಲ್ಲರೂ ಎಂಜಿನಿಯರುಗಳು. ಸಂಪ್ರದಾಯ ಎಂಬುದು ಮಠಗಳಲ್ಲಿ ಮಾತ್ರ ಇರುವ ವಸ್ತುವಲ್ಲ.

ಅದೇ ಹಮಮಾತ್ಸು ನೇಕಾರರ ಊರು. ಮಿಚಿಒ ಸುಝುಕಿ 1909ರಲ್ಲಿ ಅಲ್ಲಿ ಮಗ್ಗಗಳನ್ನು ಮಾಡಲು ತೊಡಗಿದರು. ಬಡಗಿಯ ಮಗನಾದ ಸಕಿಚಿ ತೊಯೊದ ಅವರದೂ ಮಗ್ಗದ ಕಸುಬೇ. ನೂಲು ಕಡಿದರೆ ತಾನಾಗಿಯೇ ನಿಂತುಬಿಡುವ ಅವರ ಮಗ್ಗದ ಹಕ್ಕನ್ನು 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪೆನಿ ಒಂದು ಲಕ್ಷ ಪೌಂಡಿಗೆ ಕೊಂಡಿತು. ಆ ಹಣ ಅವರ ಮಗ ಕಿಇಚಿರೊ ಅವರ ಮೋಟಾರಿನ ಪ್ರಯೋಗಗಳಿಗೆ ಆಸರೆಯಾಯಿತು. 1937ರಲ್ಲಿ ಟೊಯೊಟಾ ಕಾರು ಕಂಪೆನಿ ಹುಟ್ಟಿತು. ರೇಷ್ಮೆಯ ಎಳೆಯನ್ನು ಬಲ್ಲ ಕೋಲಾರದ ಜನಕ್ಕೆ ಈ ಮಾತು ಬೇಗ ಅರ್ಥವಾದೀತು. ಎಳೆ ಕಡಿದ ಕ್ಷಣವೇ ಯಂತ್ರ ನಿಲ್ಲಬೇಕು, ಇಲ್ಲದಿದ್ದರೆ ಗಜಗಟ್ಟಲೆ ಬಟ್ಟೆ ಕೆಡುತ್ತದೆ ಎಂಬ ನೇಕಾರನ ಅರಿವೇ ಮುಂದೆ ಟೊಯೊಟಾದ ಕಾರ್ಖಾನೆಗಳಲ್ಲಿ ತಪ್ಪು ಕಂಡ ಕಾರ್ಮಿಕ ಹಗ್ಗವನ್ನು ಜಗ್ಗಿ ಇಡೀ ಸಾಲನ್ನು ನಿಲ್ಲಿಸಬಹುದು ಎಂಬ ಕ್ರಮವಾಯಿತು.

ಆದರೆ ಮನೆತನದ ದಾರಿಯೂ ಹೂವಿನ ಹಾಸಿಗೆಯಲ್ಲ. 1950ರಲ್ಲಿ ಟೊಯೊಟಾ ದಿವಾಳಿಯ ಅಂಚಿಗೆ ಬಂತು, ಕಾರ್ಮಿಕರನ್ನು ತೆಗೆಯಬೇಕಾಯಿತು, ಮುಷ್ಕರವಾಯಿತು. ಕಿಇಚಿರೊ ಹೊಣೆ ಹೊತ್ತು ಪೀಠದಿಂದ ಇಳಿದರು. ಎರಡು ವರ್ಷಗಳಲ್ಲಿ ತೀರಿಕೊಂಡರು. ಮಗ್ಗದ ಕಂಪೆನಿಯಿಂದ ಬಂದ ತೈಝೊ ಇಶಿದ ಕಾರಿನ ಕಂಪೆನಿಯನ್ನು ಎತ್ತಿ ನಿಲ್ಲಿಸಿದರು. ಕಿಇಚಿರೊ ಅವರ ಮೊಮ್ಮಗ ಅಕಿಒ ತೊಯೊದ ಅಧ್ಯಕ್ಷರಾದದ್ದು 2009ರಲ್ಲಿ. 2023ರಲ್ಲಿ ಅವರು ಆ ಸ್ಥಾನವನ್ನು ಎಂಜಿನಿಯರೊಬ್ಬರಿಗೆ ಬಿಟ್ಟುಕೊಟ್ಟರು.

ಸುಝುಕಿ ಮನೆತನದ್ದು ಇನ್ನೂ ಸ್ವಾರಸ್ಯ. ನಮ್ಮಲ್ಲಿ ಮನೆಯಳಿಯ ಎಂದರೆ ತುಸು ನಗುವವರುಂಟು. 1930ರಲ್ಲಿ ಹುಟ್ಟಿದ ಒಸಾಮು ಮತ್ಸುದ ಎಂಬ ಬ್ಯಾಂಕ್ ನೌಕರ ಮಿಚಿಒ ಸುಝುಕಿಯ ಮೊಮ್ಮಗಳನ್ನು ಮದುವೆಯಾಗಿ, ಆ ಮನೆಗೆ ದತ್ತುವಾಗಿ, ಮನೆತನದ ಹೆಸರನ್ನೇ ಇಟ್ಟುಕೊಂಡು 1958ರಲ್ಲಿ ಕಂಪೆನಿ ಸೇರಿದರು. 1978ರಲ್ಲಿ ಅಧ್ಯಕ್ಷರಾದರು. ಜಗತ್ತಿನ ದೊಡ್ಡ ಕಂಪೆನಿಗಳು ಅನುಮಾನಿಸುತ್ತಿದ್ದಾಗ 1982ರಲ್ಲಿ ಭಾರತ ಸರ್ಕಾರದ ಮಾರುತಿ ಕಂಪೆನಿಯೊಡನೆ ಒಪ್ಪಂದಕ್ಕೆ ಸಹಿ ಹಾಕಿದರು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ನಮ್ಮ ದೇಶದ ರಸ್ತೆಗಳ ಚಹರೆಯನ್ನೇ ಬದಲಿಸಿದವರಲ್ಲಿ ಒಬ್ಬರು ಹೋದರು ಎಂದು ಬರೆದ ಪತ್ರಿಕೆಗಳು ಉತ್ಪ್ರೇಕ್ಷೆ ಮಾಡಿರಲಿಲ್ಲ.

ಇನ್ನು ನಮ್ಮ ನೆಲದ ಮಾತು. ಲಕ್ಷ್ಮಣರಾವ್ ಕಿರ್ಲೋಸ್ಕರರು 1869ರಲ್ಲಿ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಚಿತ್ರಕಾರನಾಗಬೇಕೆಂದು ಮುಂಬಯಿಯ ಕಲಾಶಾಲೆಗೆ ಹೋದರು. ಕೆಲವು ಬಣ್ಣಗಳು ತಮ್ಮ ಕಣ್ಣಿಗೆ ಬೇರೆಬೇರೆಯಾಗಿ ಕಾಣುವುದಿಲ್ಲವೆಂದು ಅಲ್ಲಿ ತಿಳಿಯಿತು. ಬಣ್ಣವನ್ನು ಬಿಟ್ಟು ಗೆರೆಯನ್ನು ಹಿಡಿದರು. ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಯಂತ್ರಗಳ ನಕ್ಷೆ ಬರೆಯುವುದನ್ನು ಕಲಿಸುವ ಮೇಷ್ಟರಾದರು. ತಮಗೆ ನ್ಯಾಯವಾಗಿ ಬರಬೇಕಾಗಿದ್ದ ಬಡ್ತಿ ಇನ್ನೊಬ್ಬರಿಗೆ ಹೋದಾಗ ಕೆಲಸ ಬಿಟ್ಟು ಬೆಳಗಾವಿಗೆ ಬಂದು ಸೈಕಲ್ಲಿನ ವ್ಯಾಪಾರಕ್ಕೆ ನಿಂತರು. ಸೈಕಲ್ಲಿನಿಂದ ಮೇವು ಕತ್ತರಿಸುವ ಯಂತ್ರ, ಅದರಿಂದ ಕಬ್ಬಿಣದ ನೇಗಿಲು, 1910ರಲ್ಲಿ ಕಿರ್ಲೋಸ್ಕರವಾಡಿ.

ಬಡ್ತಿ ತಪ್ಪಿ ಕೆಲಸ ಬಿಟ್ಟ ಇನ್ನೊಬ್ಬರನ್ನು ಇಲ್ಲಿ ನೆನೆಯದೆ ಇರಲಾರೆ. ಕೋಲಾರ ಸೀಮೆಯ ಮಾತಾದ್ದರಿಂದ ಕೇಳುವವರು ಕ್ಷಮಿಸಬೇಕು. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸರ್ಕಾರದಲ್ಲಿ ಹಿರಿಯ ಅಧಿಕಾರಿಯಾಗಿದ್ದು, ತಮಗಿಂತ ಕಿರಿಯರೊಬ್ಬರನ್ನು ಮೇಲಕ್ಕೇರಿಸಿದಾಗ 1943ರಲ್ಲಿ ರಾಜೀನಾಮೆ ಕೊಟ್ಟು ಬಂದರು. ಮಾಸ್ತಿಯವರ ಕೈಯಲ್ಲಿ ಲೇಖನಿ ಇತ್ತು. ಲಕ್ಷ್ಮಣರಾಯರ ಕೈಯಲ್ಲಿ ಸುತ್ತಿಗೆ. ಮೇಲಿನವರ ಒಂದು ಅವಿವೇಕದಿಂದ ಲೋಕಕ್ಕೆ ಆಗುವ ಲಾಭ ಕೆಲವೊಮ್ಮೆ ಆಶ್ಚರ್ಯಕರವಾದದ್ದು.

ಆ ಲಕ್ಷ್ಮಣರಾಯರ ಮರಿಮಗ ವಿಕ್ರಮ್ ಕಿರ್ಲೋಸ್ಕರರು ಅಮೆರಿಕದ ಎಂ.ಐ.ಟಿ.ಯಲ್ಲಿ ಎಂಜಿನಿಯರಿಂಗ್ ಓದಿ ಬಂದವರು. ಟೊಯೊಟಾದವರು ಬೆಂಗಳೂರಿಗೆ ಮೊದಲು ಬಂದದ್ದು ಕಾರಿಗಾಗಿ ಅಲ್ಲ. 1995ರಲ್ಲಿ ಕಿರ್ಲೋಸ್ಕರರೊಡನೆ ಕೂಡಿ ಅವರು ನೂಲಿನ ಯಂತ್ರಗಳ ಕಾರ್ಖಾನೆಯನ್ನು ಆರಂಭಿಸಿದರು. ಜಪಾನಿನಲ್ಲಿ ನಡೆದ ಕಥೆಯೇ ಇಲ್ಲಿಯೂ ಮರುಕಳಿಸಿದಂತೆ ಮೊದಲು ನೂಲು, ಆಮೇಲೆ ಕಾರು. 1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಸ್ಥಾಪನೆಯಾಗಿ ಬಿಡದಿಯಿಂದ ಕ್ವಾಲಿಸ್ ಬಂಡಿಗಳು ಹೊರಬಂದುವು. 2022ರ ನವೆಂಬರ್ 29ರಂದು ವಿಕ್ರಮ್ ಕಿರ್ಲೋಸ್ಕರರು ಅರವತ್ತನಾಲ್ಕರ ವಯಸ್ಸಿನಲ್ಲಿ ನಿಧನರಾದರು.

ವೇಮಗಲ್ಲಿನ ರಸ್ತೆಯನ್ನೇ ಹಿಡಿದು ಹೋದರೆ ಚಿಕ್ಕಬಳ್ಳಾಪುರ. ಅದರ ಬಳಿಯಲ್ಲಿ ಮುದ್ದೇನಹಳ್ಳಿ. ಆಗಿದ್ದಂತೆ ಕೋಲಾರ ಜಿಲ್ಲೆಗೇ ಸೇರಿದ ಊರು. ವಿಶ್ವೇಶ್ವರಯ್ಯನವರು ಅಣೆಕಟ್ಟು ಕಟ್ಟಿದ್ದನ್ನು ಎಲ್ಲರೂ ಬಲ್ಲರು, ಕಾರು ಕಟ್ಟಹೊರಟದ್ದನ್ನು ಅಷ್ಟು ಮಂದಿ ಬಲ್ಲರೆಂದು ತೋರುವುದಿಲ್ಲ. ಎಂಜಿನಿಯರಾಗಿ, 1912ರಿಂದ 1918ರವರೆಗೆ ದಿವಾನರಾಗಿ, ಆಮೇಲೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನಷ್ಟದಿಂದ ಎತ್ತಿದವರಾಗಿ, ಎಪ್ಪತ್ತು ದಾಟಿದ ಮೇಲೆ ಅವರು ಮೋಟಾರಿಗೆ ಕೈಹಾಕಿದರು. 1935ರಲ್ಲಿ ಯೂರೋಪು ಅಮೆರಿಕಗಳನ್ನು ಸುತ್ತಿ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆಯನ್ನು ಸಿದ್ಧಪಡಿಸಿದರು. ಮುಂಬಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗೆ ನಿಂತರು. ಕಾರ್ಖಾನೆ ಬೆಂಗಳೂರಿಗೆ ಬರುವ ಸಂಭವವಿತ್ತು. ಮೈಸೂರು ಸರ್ಕಾರವೂ ಒಲವು ತೋರಿತ್ತು. ದೆಹಲಿಯ ಬ್ರಿಟಿಷ್ ಸರ್ಕಾರ ಬೆಂಬಲ ಕೊಡಲಿಲ್ಲ. ಯುದ್ಧ ಬಂದಿತ್ತು, ಅವರಿಗೆ ಬೇಕಾಗಿದ್ದುದು ವಿಮಾನ. ಅದೇ ವಾಲ್‌ಚಂದರು 1940ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯನ್ನು ತೆರೆದರು. ಅವರ ಕಾರಿನ ಕಂಪೆನಿ ಪ್ರೀಮಿಯರ್ 1944ರಲ್ಲಿ ಮುಂಬಯಿಯಲ್ಲಿ ಹುಟ್ಟಿತು. ಕಾರನ್ನು ಬಯಸಿದ ಕನ್ನಡ ಸೀಮೆಗೆ ವಿಮಾನ ದಕ್ಕಿತು! ಜಗತ್ತಿನ ಇತರ ಮೋಟಾರು ಯಜಮಾನರ ಸಾಲಿನಲ್ಲಿ ವಿಶ್ವೇಶ್ವರಯ್ಯನವರ ಹೆಸರು ಸೇರದೆ ಹೋದದ್ದು ಅವರಲ್ಲಿ ಯೋಗ್ಯತೆ ಕಡಿಮೆಯಾದುದರಿಂದ ಅಲ್ಲ. ಸಹಿ ಹಾಕಬೇಕಾದ ಕೈ ಬೇರೆ ಯಾರದ್ದೋ ಆಗಿದ್ದುದರಿಂದ.

ಸಹಿಯ ಈ ಮಹಿಮೆ ಸ್ವಾತಂತ್ರ್ಯ ಬಂದ ಮೇಲೂ ಕಡಿಮೆಯಾಗಲಿಲ್ಲ. ಲೈಸೆನ್ಸಿನ ಕಾಲದಲ್ಲಿ ಉಕ್ಕಿಗೆ ಒಂದು ಅಪ್ಪಣೆ, ಆಮದಿಗೆ ಒಂದು, ಎಷ್ಟು ಕಾರು ಮಾಡಬೇಕೆಂಬುದಕ್ಕೆ ಮತ್ತೊಂದು. ಅಂಥ ದೇಶದಲ್ಲಿ ಕಾರಿನ ಯಜಮಾನನಿಗೆ ಬೇಕಾದ ಮೊದಲ ವಿದ್ಯೆ ಎಂಜಿನಿನದಲ್ಲ, ಕಡತದ್ದು. ಮಾರುತಿಯ ಇತಿಹಾಸ ಇದಕ್ಕೆ ಕನ್ನಡಿ. 1981ರಲ್ಲಿ ಅದರ ಹೊಣೆ ಹೊತ್ತ ವಿ. ಕೃಷ್ಣಮೂರ್ತಿಯವರು ಮಹಾಯುದ್ಧದ ಕಾಲದಲ್ಲಿ ವಿಮಾನದ ನೆಲೆಗಳಲ್ಲಿ ತಂತ್ರಜ್ಞರಾಗಿ ಕೆಲಸ ಆರಂಭಿಸಿ, ಮದ್ರಾಸಿನ ವಿದ್ಯುತ್ ಇಲಾಖೆ, ಯೋಜನಾ ಆಯೋಗ, ಭೆಲ್ ಕಂಪೆನಿಯ ಅಧ್ಯಕ್ಷ ಪೀಠ ಇಷ್ಟನ್ನು ದಾಟಿ ಬಂದವರು. ಅವರೊಡನೆ ಬಂದ ಆರ್. ಸಿ. ಭಾರ್ಗವರು 1956ರ ತಂಡದ ಐ.ಎ.ಎಸ್. ಅಧಿಕಾರಿ. 1999ರಿಂದ 2007ರವರೆಗೆ ಕಂಪೆನಿಯನ್ನು ನಡೆಸಿದ ಜಗದೀಶ್ ಖಟ್ಟರರೂ ಐ.ಎ.ಎಸ್.ನವರೇ. ಕಚೇರಿಯ ಮನುಷ್ಯ ಕಾರ್ಖಾನೆಗೆ ಬಂದರೆ ಕೆಟ್ಟಂತೆಯೇ ಎಂದು ಹೇಳುವುದು ನಮ್ಮಲ್ಲಿ ವಾಡಿಕೆ. ಇವರು ಆ ಮಾತನ್ನು ಸುಳ್ಳು ಮಾಡಿದರು. 1983ರ ಡಿಸೆಂಬರಿನಲ್ಲಿ ಮೊದಲ ಮಾರುತಿ ಕಾರು ರಸ್ತೆಗಿಳಿಯಿತು. ಹಿರಿಯ ಅಧಿಕಾರಿಯೂ ಕಾರ್ಮಿಕನೂ ಒಂದೇ ಬಗೆಯ ಸಮವಸ್ತ್ರ ತೊಟ್ಟು ಒಂದೇ ಊಟದ ಮನೆಯಲ್ಲಿ ಉಣ್ಣುವ ಜಪಾನಿನ ಪದ್ಧತಿಯನ್ನು ನಮ್ಮ ಅಧಿಕಾರಿಗಳೇ ಒಪ್ಪಿಕೊಂಡರು. ಸಣ್ಣ ವಿಷಯವೇನಲ್ಲ ಅದು, ನಮ್ಮ ದೇಶದಲ್ಲಿ.

ಆದರೆ ಪೀಠ ಯಾರದು ಎಂಬ ಜಗಳ ಅಲ್ಲಿಯೂ ತಪ್ಪಲಿಲ್ಲ. 1997ರಲ್ಲಿ ಸರ್ಕಾರ ನೇಮಿಸಿದ ಆಡಳಿತ ನಿರ್ದೇಶಕರನ್ನು ಸುಝುಕಿ ಒಪ್ಪಲಿಲ್ಲ, ವ್ಯಾಜ್ಯ ಅಂತಾರಾಷ್ಟ್ರೀಯ ಪಂಚಾಯ್ತಿಗೆ ಹೋಯಿತು, 1998ರಲ್ಲಿ ರಾಜಿಯಾಯಿತು. 2002ರಲ್ಲಿ ಹೆಚ್ಚಿನ ಪಾಲು ಸುಝುಕಿಯ ಕೈಗೆ ಬಂತು. ಅಪ್ಪಣೆಗಳ ಕಾಲ ಮುಗಿದಂತೆ ಅಪ್ಪಣೆ ತರಬಲ್ಲವರ ಕಾಲವೂ ಮುಗಿಯಿತು.

ಅಮೆರಿಕದಲ್ಲಿ ಇದಕ್ಕಿಂತ ಬೇರೆಯಾದ ಒಂದು ಜಗಳ ಅರ್ಧ ಶತಮಾನಕ್ಕೂ ಮಿಕ್ಕಿ ನಡೆಯಿತು: ಲೆಕ್ಕಪತ್ರದವರಿಗೂ ಯಂತ್ರದವರಿಗೂ. ರಾಬರ್ಟ್ ಮ್ಯಾಕ್ನಮಾರ ಯುದ್ಧಕಾಲದಲ್ಲಿ ವಾಯುಪಡೆಗೆ ಅಂಕಿ ಅಂಶಗಳನ್ನು ಒದಗಿಸುತ್ತಿದ್ದ ಪ್ರಾಧ್ಯಾಪಕ. 1946ರಲ್ಲಿ ಅಂಥದೇ ತರುಣರ ಒಂದು ಗುಂಪಿನೊಡನೆ ಫೋರ್ಡ್ ಕಂಪೆನಿ ಸೇರಿದರು. 1960ರ ನವೆಂಬರಿನಲ್ಲಿ ಅಧ್ಯಕ್ಷರಾಗಿ, ಕೆಲವೇ ವಾರಗಳಲ್ಲಿ ಕೆನಡಿಯವರ ಕರೆಗೆ ಓಗೊಟ್ಟು ರಕ್ಷಣಾ ಕಾರ್ಯದರ್ಶಿಯ ಹುದ್ದೆಗೆ ಹೊರಟರು. ವಿಯೆಟ್ನಾಂ ಯುದ್ಧವನ್ನೂ ಅಂಕಿಗಳಲ್ಲಿ ಅಳೆಯಹೊರಟು ಏನಾಯಿತೆಂಬುದನ್ನು ಲೋಕವೇ ಬಲ್ಲದು. ಅದೇ 1946ರಲ್ಲಿ ಅದೇ ಕಂಪೆನಿಗೆ ಎಂಜಿನಿಯರಾಗಿ ಸೇರಿದ ಲೀ ಅಯಕೊಕ್ಕ ಮಾತ್ರ ತಮ್ಮ ಬಲ ನಾಲಗೆಯಲ್ಲಿದೆ ಎಂದು ಕಂಡುಕೊಂಡು ಮಾರಾಟಕ್ಕೆ ಹೋದರು. ಸ್ವಲ್ಪ ಮುಂಗಡ ಕೊಟ್ಟು, ತಿಂಗಳಿಗೆ ಐವತ್ತಾರು ಡಾಲರಿನಂತೆ ಕಟ್ಟಿ 1956ರ ಫೋರ್ಡನ್ನು ಒಯ್ಯಿರಿ ಎಂಬ ಅವರ ಒಂದು ಉಪಾಯ ಅವರನ್ನು ಜಿಲ್ಲೆಯಿಂದ ರಾಜಧಾನಿಗೆ ಎತ್ತಿತು. 1970ರಲ್ಲಿ ಅಧ್ಯಕ್ಷರಾದರು. 1978ರಲ್ಲಿ ಎರಡನೆಯ ಹೆನ್ರಿ ಫೋರ್ಡ್ ಅವರನ್ನು ಹೊರಕ್ಕೆ ಕಳಿಸಿದರು. ಬಾಗಿಲಿನ ಮೇಲೆ ಮನೆತನದ ಹೆಸರಿರುವ ಕಡೆ ಮಾತಿನ ಮಲ್ಲನಿಗೂ ಒಂದು ಎಲ್ಲೆ ಉಂಟು.

ಈ ಇಡೀ ವಿಷಯದಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಮೇರಿ ಬಾರ ಅವರ ದಾರಿ. ಅವರ ತಂದೆ ಜನರಲ್ ಮೋಟಾರ್ಸಿನ ಪೊಂಟಿಯಾಕ್ ಕಾರ್ಖಾನೆಯಲ್ಲಿ ಮೂವತ್ತೊಂಬತ್ತು ವರ್ಷ ಅಚ್ಚುಗಳನ್ನು ಮಾಡಿದ ಕಾರ್ಮಿಕ. ಮಗಳು 1980ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಕಾರಿನ ತಗಡುಗಳನ್ನು ಪರೀಕ್ಷಿಸುವ ಕೆಲಸಕ್ಕೆ ಸೇರಿದರು. ಕಂಪೆನಿಯದೇ ಆದ ಒಂದು ಎಂಜಿನಿಯರಿಂಗ್ ಕಾಲೇಜಿತ್ತು. ಕೆಲವು ವಾರ ಓದು, ಕೆಲವು ವಾರ ಕಾರ್ಖಾನೆ. ಆ ಸಂಬಳದಲ್ಲಿಯೇ ಓದಿನ ವೆಚ್ಚ. ಮುಂದೆ ಕಂಪೆನಿಯೇ ಅವರನ್ನು ಸ್ಟಾನ್‌ಫರ್ಡಿಗೆ ಕಳಿಸಿ ಆಡಳಿತ ಶಾಸ್ತ್ರ ಓದಿಸಿತು. 2014ರ ಜನವರಿಯಲ್ಲಿ ಅವರು ಮುಖ್ಯಾಧಿಕಾರಿಯಾದರು. ಕಥೆಗಾರನಾದರೆ ಇಲ್ಲಿಗೆ ಮುಗಿಸುತ್ತಿದ್ದ.

ಮರುತಿಂಗಳೇ ಬೇರೊಂದು ಕಥೆ ಹೊರಬಿತ್ತು. ಕಂಪೆನಿಯ ಕೆಲವು ಸಣ್ಣ ಕಾರುಗಳಲ್ಲಿ ಬೀಗದ ಕೈ ತಿರುಗಿಸುವ ಸ್ವಿಚ್ಚು ಸಡಿಲವಾಗಿತ್ತು. ಓಡುತ್ತಿರುವಾಗಲೇ ಅದು ಜಾರಿ ಎಂಜಿನು ನಿಲ್ಲುತ್ತಿತ್ತು. ಎಂಜಿನಿನೊಡನೆ ಅಪಘಾತದಲ್ಲಿ ಜೀವ ಕಾಯಬೇಕಾದ ಗಾಳಿಚೀಲವೂ ಕೆಲಸ ಮಾಡುತ್ತಿರಲಿಲ್ಲ. ಸರಿಪಡಿಸಲು ಬೇಕಾದ ಭಾಗದ ಬೆಲೆ ಒಂದು ಡಾಲರಿಗೂ ಕಡಿಮೆ. ಕಂಪೆನಿಯೊಳಗೆ ಹತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಇದು ಕೆಲವರಿಗೆ ತಿಳಿದಿತ್ತು. 26 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳ ಸಂಖ್ಯೆ 124. ಆಮೇಲೆ ನಡೆದ ವಿಚಾರಣೆ ಅಲ್ಲಿನ ಒಂದು ವಿಚಿತ್ರ ನಡವಳಿಕೆಯನ್ನು ಬಯಲಿಗೆಳೆಯಿತು: ಸಭೆಯಲ್ಲಿ ಎಲ್ಲರೂ ಆಗಲಿ ಎಂದು ತಲೆಯಾಡಿಸುತ್ತಾರೆ, ಎದ್ದು ಹೋಗುತ್ತಾರೆ, ಯಾರೂ ಏನೂ ಮಾಡುವುದಿಲ್ಲ. ನಮ್ಮ ಕಚೇರಿಗಳಲ್ಲಿ ಇದನ್ನು ಕಾಣಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಬಾರ ಅವರು ಹದಿನೈದು ಮಂದಿಯನ್ನು ತೆಗೆದುಹಾಕಿದರು, ಸತ್ತವರ ಮನೆಯವರನ್ನು ಎದುರಿಸಿದರು. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಕೆಳಗಿನ ಮೆಟ್ಟಿಲಿನಿಂದ ಬಂದವರಿಗೆ ಕೆಳಗಿನದು ಕಾಣುತ್ತದೆ ಎಂದು ನಾವು ನಂಬುತ್ತೇವೆ. ಮೂವತ್ತಮೂರು ವರ್ಷ ಅದೇ ಮನೆಯಲ್ಲಿದ್ದ ಎಂಜಿನಿಯರಿಗೂ ಒಂದು ಸ್ವಿಚ್ಚಿನ ಸುದ್ದಿ ಮುಟ್ಟಲಿಲ್ಲವೆಂದರೆ, ಆ ನಂಬಿಕೆಯನ್ನು ಅರ್ಧಕ್ಕೆ ಇಳಿಸಿಕೊಳ್ಳುವುದೇ ಲೇಸು.

ಅಂಥ ಹೊತ್ತಿನಲ್ಲಿ ಕೆಲವರು ಹೊರಗಿನವನನ್ನು ಕರೆತರುತ್ತಾರೆ. 2006ರಲ್ಲಿ ಫೋರ್ಡ್ ಮನೆತನ ಬೋಯಿಂಗ್ ವಿಮಾನ ಕಂಪೆನಿಯಿಂದ ಅಲನ್ ಮುಲ್ಲಾಲಿಯವರನ್ನು ಕರೆಯಿತು. ಆ ವರ್ಷ ಕಂಪೆನಿಯ ನಷ್ಟ 1,200 ಕೋಟಿ ಡಾಲರಿಗೂ ಹೆಚ್ಚು. ವಾರದ ಸಭೆಯಲ್ಲಿ ಅಧಿಕಾರಿಗಳು ತಂದಿಟ್ಟ ಪಟ್ಟಿಗಳಲ್ಲಿ ಮಾತ್ರ ಎಲ್ಲವೂ ಹಸಿರು, ಎಲ್ಲವೂ ಕ್ಷೇಮ! ಕೊನೆಗೆ ಒಬ್ಬ ಅಧಿಕಾರಿ ಧೈರ್ಯ ಮಾಡಿ ಕೆಂಪು ಗುರುತಿನ ಪಟ್ಟಿಯನ್ನಿಟ್ಟ. ಉಳಿದವರು ಇವನ ಕೆಲಸ ಹೋಯಿತು ಎಂದುಕೊಂಡರು. ಮುಲ್ಲಾಲಿ ಚಪ್ಪಾಳೆ ತಟ್ಟಿದರು. ನಮ್ಮ ಟಾಟಾ ಮೋಟಾರ್ಸ್ ಕೂಡ 2016ರಲ್ಲಿ ಗುಂಟರ್ ಬುಟ್ಶೆಕ್ ಎಂಬ ಜರ್ಮನರನ್ನು ತಂದಿತು. ಅವರು ಡೈಮ್ಲರ್ ಕಾರಿನಿಂದ ಏರ್‌ಬಸ್ ವಿಮಾನಕ್ಕೆ ಹೋಗಿ, ಅಲ್ಲಿಂದ ಮತ್ತೆ ಕಾರಿಗೆ ಇಳಿದವರು. ಹೊರಗಿನವರೆಲ್ಲ ಮುಲ್ಲಾಲಿಗಳಲ್ಲ ಎಂಬುದಕ್ಕೆ ಟೈರಿನ ಕಂಪೆನಿಯಿಂದ ರೆನೋಗೆ, ಅಲ್ಲಿಂದ ನಿಸ್ಸಾನಿಗೆ ಬಂದ ಕಾರ್ಲೋಸ್ ಘೋನ್ ಅವರನ್ನು ನೆನೆದರೆ ಸಾಕು: ಮುಳುಗುತ್ತಿದ್ದ ಕಂಪೆನಿಯನ್ನು ಎತ್ತಿದವರೂ ಅವರೇ, 2018ರಲ್ಲಿ ಸೆರೆಯಾಗಿ 2019ರ ಕೊನೆಗೆ ಜಪಾನಿನಿಂದ ತಲೆತಪ್ಪಿಸಿಕೊಂಡು ಹೋದವರೂ ಅವರೇ.

ಬೆಂಗಳೂರಿನ ಚೇತನ್ ಮೈನಿಯವರದು ಈ ಯಾವ ದಾರಿಯೂ ಅಲ್ಲ. ಅಮೆರಿಕದಲ್ಲಿ ವಿದ್ಯಾರ್ಥಿಯಾಗಿದ್ದಾಗ 1990ರಲ್ಲಿ ಸೂರ್ಯನ ಬಿಸಿಲಿನಿಂದ ಓಡುವ ಪಂದ್ಯದ ಕಾರನ್ನು ಕಟ್ಟಿದ ಮಿಷಿಗನ್ ತಂಡದಲ್ಲಿ ಅವರಿದ್ದರು. 2001ರಲ್ಲಿ ಬೆಂಗಳೂರಿನಿಂದ ರೇವಾ ಎಂಬ ಪುಟ್ಟ ವಿದ್ಯುತ್ ಕಾರನ್ನು ತಂದರು. ಲಂಡನ್ನಿನ ಬೀದಿಗಳಲ್ಲಿಯೂ ಅದು ಓಡಿತು. ಆದರೆ ಕಾಲಕ್ಕಿಂತ ಹತ್ತು ವರ್ಷ ಮೊದಲೇ ಬಂದವನಿಗೆ ಬಂಡವಾಳ ಸಾಲುವುದಿಲ್ಲ. 2010ರಲ್ಲಿ ಹೆಚ್ಚಿನ ಪಾಲು ಮಹೀಂದ್ರ ಕಂಪೆನಿಗೆ ಹೋಯಿತು.

ಮತ್ತೆ ವೇಮಗಲ್ಲಿನ ಬಸ್ಸಿನ ನಿಲ್ದಾಣ. ಅಲ್ಲಿ ನಿಂತ ಹುಡುಗಿ ಹದಿನೆಂಟೋ ಹತ್ತೊಂಬತ್ತೋ ವಯಸ್ಸಿನವಳು. 1980ರ ಮೇರಿ ಬಾರ ಅವರಷ್ಟೇ. ಅವಳ ಮುಂದೆ ಮೆಟ್ಟಿಲುಗಳೆಷ್ಟಿವೆ? ಬಿಡದಿಯಲ್ಲಿ ಟೊಯೊಟಾದವರು 2007ರಲ್ಲಿ ತೆರೆದ ತರಬೇತಿ ಸಂಸ್ಥೆ ಹತ್ತನೆಯ ತರಗತಿ ಮುಗಿಸಿದ ಬಡ ಹಳ್ಳಿಯ ಮಕ್ಕಳಿಗೆ ಮೂರು ವರ್ಷ ವಿದ್ಯೆಯನ್ನೂ ಕಸುಬನ್ನೂ ಕಲಿಸುತ್ತ ಬಂದಿದೆ, ಒಳ್ಳೆಯ ಕೆಲಸ. ಆದರೆ ಅದರ ಗುರಿ ನುರಿತ ಕೆಲಸಗಾರರನ್ನು ಸಿದ್ಧಪಡಿಸುವುದು. ಪೊಂಟಿಯಾಕಿನಲ್ಲಿ ತಗಡು ನೋಡುತ್ತಿದ್ದ ಹುಡುಗಿಗೆ ಸಿಕ್ಕಿದ್ದು ಪದವಿ. ಪದವಿಯ ಆಚೆಗೆ ಇನ್ನೊಂದು ಪದವಿ. ಇನ್ನು ಗುತ್ತಿಗೆದಾರನ ಪಟ್ಟಿಯಲ್ಲಿ ಹೆಸರಿರುವವರಿಗೆ ಮೊದಲ ಮೆಟ್ಟಿಲೇ ಕಾರ್ಖಾನೆಗೆ ಸೇರಿದ್ದಲ್ಲ. 2020ರ ಡಿಸೆಂಬರ್ 12ರ ಬೆಳಗ್ಗೆ ನರಸಾಪುರದಲ್ಲಿ ಟೆಲಿಫೋನು ಮಾಡುವ ಕಾರ್ಖಾನೆಯೊಂದರಲ್ಲಿ ಸಂಬಳದ ವಿಷಯಕ್ಕೆ ಗಲಭೆ ಎದ್ದು ಗಾಜುಗಳು ಪುಡಿಯಾದುವು. ಆಮೇಲೆ ಆ ಕಂಪೆನಿ ಭಾರತದ ವ್ಯವಹಾರ ನೋಡಿಕೊಳ್ಳುತ್ತಿದ್ದ ತನ್ನ ಹಿರಿಯ ಅಧಿಕಾರಿಯನ್ನು ತೆಗೆಯಿತು, ಕಾರ್ಮಿಕರ ಕ್ಷಮೆ ಕೇಳಿತು. ಗುತ್ತಿಗೆದಾರನ ಆಚೆಗೆ ಏನು ನಡೆಯುತ್ತಿತ್ತು ಎಂಬುದು ಮೇಲಿದ್ದವರಿಗೆ ಕಂಡದ್ದು ಗಾಜು ಒಡೆದ ಮೇಲೆ.

ವೇಮಗಲ್ಲಿನ ಒಂದು ಚಹಾ ಅಂಗಡಿಯಲ್ಲಿ ಈ ಮಾತನ್ನೆಲ್ಲ ನಾನೊಮ್ಮೆ ಸ್ವಲ್ಪ ಉತ್ಸಾಹದಿಂದಲೇ ಹೇಳಿದೆ. ಕಮ್ಮಾರನ ಮಗ, ಬಡಗಿಯ ಮಗ, ಅಚ್ಚು ಮಾಡುವವನ ಮಗಳು ಎಂದೆಲ್ಲ. ಪಕ್ಕದಲ್ಲಿ ಕುಳಿತಿದ್ದ ರೈತರೊಬ್ಬರು ಕೊನೆಯವರೆಗೂ ಕೇಳಿದರು. ಅವರ ಮಗ ಎರಡು ವರ್ಷದಿಂದ ಗುತ್ತಿಗೆಯ ಮೇಲೆ ಕಾರ್ಖಾನೆಗೆ ಹೋಗುತ್ತಿದ್ದನಂತೆ. ಲೋಟವನ್ನು ಕೆಳಗಿಟ್ಟು ಅವರು, "ಮೊದ್ಲು ಪರ್ಮನೆಂಟ್ ಆಗ್ಲಿ ಸ್ವಾಮಿ, ಯಜಮಾನ ಆಗೋದು ಆಮೇಲ್ ನೋಡ್ಕೊಳ್ಳಾನ" ಎಂದರು.